ವಿಜಯಪುರದ ಬಿಸಿಲಲ್ಲಿ ಮನೆಯೊಳಗೆ ಬದುಕುವ ಗಿಡ ಬೇಕಾ? ಈ ನರ್ಸರಿಗೆ ಹೋಗಿ

ಮನೆಯೊಳಗೆ ಗಿಡ ಇಡಬೇಕು, ಆದರೆ ಇದುವರೆಗೆ ಒಂದನ್ನೂ ಬೆಳೆಸಿಲ್ಲ ಅನ್ನುವವರಿಗೆ ನಾನು ಹೇಳುವುದು ಸೋಲಾಪುರ ರಸ್ತೆ ಕಡೆಯ ಒಂದು ಚಿಕ್ಕ ನರ್ಸರಿಯನ್ನು. ಬೋರ್ಡ್ ಸರಿಯಾಗಿ ಕಾಣುವುದಿಲ್ಲ, ಹಸಿರು ನೆರಳು ಪರದೆ ನೋಡಿ ಗುರುತು ಹಿಡಿಯಬೇಕು. ಇದಕ್ಕಿಂತ ದೊಡ್ಡ ನರ್ಸರಿಗಳು ಊರಲ್ಲಿ ಇವೆ. ನನಗೆ ಇಲ್ಲಿ ಹಿಡಿಸಿದ್ದು ಬೇರೆ. ಗಿಡ ತೋರಿಸುವ ಮೊದಲು ಅಲ್ಲಿನ ಕಾಕಾ ಪ್ರಶ್ನೆ ಕೇಳುತ್ತಾರೆ. "ಕಿಡಕಿ ಯಾವ ದಿಕ್ಕಿಗೆ ಐತ್ರಿ? ಬೋರಿನ ನೀರೋ, ನಳದ ನೀರೋ? ಬ್ಯಾಸಿಗ್ಯಾಗ ಊರಿಗೆ ಹೋದ್ರ ಎಷ್ಟು ದಿನ ಬಿಟ್ಟು ಬರ್ತೀರಿ?" ಈ ಮೂರಕ್ಕೆ ಉತ್ತರ ಸಿಕ್ಕ ಮೇಲೇ ಗಿಡದ ಮಾತು.

ಈ ಪ್ರಶ್ನೆಗಳು ಎಷ್ಟು ಮುಖ್ಯ ಅಂತ ನಮ್ಮೂರಲ್ಲಿ ಗಿಡ ಇಟ್ಟವರಿಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣ, ಪಡುವಣ ಕಿಟಕಿಯ ಗಾಜು ಮುಟ್ಟಿದರೆ ಕೈ ಸುಡುತ್ತದೆ. ಮೊಬೈಲಲ್ಲಿ ಸಿಗುವ "ಸುಲಭ ಗಿಡ"ಗಳ ಪಟ್ಟಿ ಹೆಚ್ಚಾಗಿ ತಂಪು ದೇಶದವರು ಬರೆದದ್ದು. ಅಷ್ಟು ದೂರ ಯಾಕೆ, ಬೆಳಗಾವಿಗೂ ನಮಗೂ ಹೋಲಿಕೆ ಇಲ್ಲ. ಅಲ್ಲಿ ಮಳೆ ಜಾಸ್ತಿ, ಹವೆ ತಂಪು, ಟಿಳಕವಾಡಿಯ ನಮ್ಮ ಸಂಬಂಧಿಕರ ಮನೆಯಲ್ಲಿ ಫರ್ನ್ ಬಚ್ಚಲ ಕಿಟಕಿಯಲ್ಲೇ ದಟ್ಟವಾಗಿ ಬೆಳೆದಿದೆ. ಅದನ್ನೇ ಇಲ್ಲಿಗೆ ತಂದರೆ ಬೇಸಿಗೆಯಲ್ಲಿ ಎಲೆ ಕರಕಲಾಗಿ ಪುಡಿಯಾಗುತ್ತದೆ. ಆದ್ದರಿಂದ ಇಲ್ಲಿ ಸುಲಭದ ಗಿಡ ಅಂದರೆ ಒಣ ಗಾಳಿ, ಸವಳು ನೀರು, ನಮ್ಮ ಮರೆವು ಮೂರನ್ನೂ ತಡೆಯುವ ಗಿಡ.

ಹೊಸಬರಿಗೆ ಕಾಕಾ ಮೊದಲು ಕೊಡುವುದು ಸ್ನೇಕ್ ಪ್ಲಾಂಟ್. ನನ್ನ ಆಯ್ಕೆಯೂ ಅದೇ, ಎರಡನೇ ಮಾತೇ ಇಲ್ಲ. ಮೂಲ ಪಶ್ಚಿಮ ಆಫ್ರಿಕಾದ್ದು. ಸಾಮಾನ್ಯವಾಗಿ ಗಿಡಗಳು ಹಗಲು ಎಲೆಯ ರಂಧ್ರ ತೆರೆದು ಉಸಿರಾಡುತ್ತವೆ, ಆಗ ಒಳಗಿನ ನೀರು ಆವಿಯಾಗಿ ಹೋಗುತ್ತದೆ. ಇದು ರಂಧ್ರಗಳನ್ನು ಹೆಚ್ಚಾಗಿ ರಾತ್ರಿ ತೆರೆಯುತ್ತದೆ, ಹಗಲಿನ ಝಳದಲ್ಲಿ ಮುಚ್ಚಿಕೊಂಡು ನೀರು ಉಳಿಸಿಕೊಳ್ಳುತ್ತದೆ. ನಮ್ಮ ಹವೆಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಗುಣ ಬೇರೆ ಯಾವುದು ಇರಲು ಸಾಧ್ಯ? ಇದನ್ನು ಸಾಯಿಸುವುದು ಹೆಚ್ಚಾಗಿ ನೀರೇ. ಮಣ್ಣಿಗೆ ಬೆರಳು ಹಾಕಿ ನೋಡಿ, ಒಳಗೂ ಪೂರ್ತಿ ಒಣಗಿದ್ದರೆ ಮಾತ್ರ ಹಾಕಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿದರೂ ನಡೆಯುತ್ತದೆ. ಕೊಳ್ಳುವಾಗ ಎಲೆಯ ಬುಡ ಒತ್ತಿ ನೋಡಿ, ಗಟ್ಟಿ ಇರಬೇಕು. ಮೆತ್ತಗಿದ್ದರೆ ಒಳಗೆ ಕೊಳೆ ಶುರುವಾಗಿದೆ ಅಂತಲೇ ಅರ್ಥ.

ಎರಡನೆಯದು ಝೀಝೀ. ಪೂರ್ವ ಆಫ್ರಿಕಾದ ಗಿಡ, ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆಗಳಿರುತ್ತವೆ, ನೀರೆಲ್ಲ ಅಲ್ಲಿ ಶೇಖರ. ಬೆಲೆ ಸ್ವಲ್ಪ ಜಾಸ್ತಿ, ಬೆಳೆಯುವುದು ನಿಧಾನ, ಆದರೆ ಬೆಳಕು ಕಡಿಮೆ ಇರುವ ಪಡಸಾಲೆಗೆ ಇದೇ ಸರಿ. ಮನೆಯವರೆಲ್ಲ ರಜೆಗೆ ಹೋಗಿ ಬಂದರೂ ಎಲೆ ಹೊಳೆಯುತ್ತಲೇ ಇರುತ್ತದೆ.

ಮನಿ ಪ್ಲಾಂಟ್ ಬಗ್ಗೆ ಹೇಳುವುದೇ ಬೇಡ. ಅದನ್ನು ದುಡ್ಡು ಕೊಟ್ಟು ತರುವ ಬದಲು ಪಕ್ಕದ ಮನೆ ಅಕ್ಕಾರನ್ನು ಒಂದು ಬಳ್ಳಿ ಕೇಳಿ. ಗಣ್ಣು ಇರುವ ತುಂಡನ್ನು ಬಾಟಲಿ ನೀರಲ್ಲಿ ಇಟ್ಟರೆ ಬೇರು ಬರುತ್ತದೆ. ಒಂದೇ ಮಾತು, ಮನಿ ಪ್ಲಾಂಟ್ ಮತ್ತು ಝೀಝೀ ಎರಡನ್ನೂ ಮಕ್ಕಳು ಕಚ್ಚಿದರೆ ಬಾಯಿ, ಗಂಟಲು ಉರಿಯುತ್ತದೆ. ಅಂಬೆಗಾಲಿನ ಕೂಸು ಇದ್ದರೆ ಎತ್ತರದಲ್ಲಿಡಿ. ಬೆಕ್ಕು ಇರುವ ಮನೆಗೆ ಸ್ಪೈಡರ್ ಪ್ಲಾಂಟ್ ವಾಸಿ, ಅದು ವಿಷವಲ್ಲ. ಆದರೆ ಬೋರಿನ ನೀರಿಗೆ ಅದರ ಎಲೆತುದಿ ಕಂದಾಗುತ್ತದೆ.

ನೀರಿನ ಮಾತು ಬಂತಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುಂಡದ ಅಂಚಿಗೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದಲ್ವಾ, ಅದು ಬೋರ್ ನೀರಿನ ಲವಣ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರು ಹಾಳಾಗುವುದು ಯಾಕೆ ಅಂತ ತುಂಬಾ ಜನ ಅದನ್ನೇ ಗಿಡಕ್ಕೆ ಹಾಕುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ಲವಣ ಇನ್ನೂ ಜಾಸ್ತಿ. ನೆಲ ಒರೆಸಲು ಬಳಸಿ. ಗಿಡಕ್ಕೆ ನಳದ ನೀರು ಹಾಕಿ, ಮಳೆ ಬಂದಾಗ ಗ್ಯಾಲರಿಯಲ್ಲಿ ಒಂದು ಬಕೆಟ್ ಇಟ್ಟು ಹಿಡಿಯಿರಿ.

ಮಣ್ಣಿನ ವಿಷಯದಲ್ಲಿ ಈ ನರ್ಸರಿಗೆ ಪೂರ್ತಿ ಅಂಕ ಕೊಡುತ್ತೇನೆ. ನಮ್ಮ ಹೊಲದ ಎರೆ ಮಣ್ಣು ಜೋಳಕ್ಕೆ ಬಂಗಾರ, ಆದರೆ ಕುಂಡಕ್ಕಲ್ಲ. ನೀರು ಬಿದ್ದರೆ ಅಂಟಾಗಿ ಬೇರಿಗೆ ಗಾಳಿ ಸಿಗುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಇಲ್ಲಿ ಮಸಾರಿ ಮಣ್ಣು, ದಪ್ಪ ಉಸುಕು, ತೆಂಗಿನ ನಾರಿನ ಪುಡಿ, ಹಳೆ ಸಗಣಿ ಗೊಬ್ಬರ ಸೇರಿಸಿದ ಮಿಶ್ರಣವನ್ನು ಚೀಲದಲ್ಲಿ ಮಾರುತ್ತಾರೆ. ಕೇಳಿದರೆ ಅಲ್ಲೇ ಗಿಡ ಬದಲಿಸಿ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡಿಲ್ಲ.

ದೂರು ಇಲ್ಲವೇ ಅಂದರೆ ಇದೆ. ಬಾಗಿಲ ಹತ್ತಿರ ಸಾಲಾಗಿ ಇಟ್ಟಿರುವ ಚೀನಿ ಮಣ್ಣಿನ ಚಂದದ ಕುಂಡಗಳಿಗೆ ಅಡಿಯಲ್ಲಿ ತೂತೇ ಇಲ್ಲ. ಹೊಸಬರು ಬಣ್ಣ ನೋಡಿ ಅದನ್ನೇ ಎತ್ತಿಕೊಳ್ಳುತ್ತಾರೆ, ನೀರು ತಳದಲ್ಲಿ ನಿಂತು ಬೇರು ಕೊಳೆಯುತ್ತದೆ. ಕಾಕಾ ಇದ್ದರೆ ಎಚ್ಚರಿಸುತ್ತಾರೆ. ಅವರಿಲ್ಲದಾಗ ಕೂರುವ ಹುಡುಗ ಸುಮ್ನೆ ಬಿಲ್ ಮಾಡಿ ಕಳಿಸುತ್ತಾನೆ. ಅದೇ ಹುಡುಗ ಅರೆಕಾ ಪಾಮ್ ಅನ್ನೂ "ಏನೂ ಮಾಡಬೇಕಾಗಿಲ್ರಿ" ಅಂತ ಕೊಡುತ್ತಾನೆ. ಅರೆಕಾಕ್ಕೆ ಗಾಳಿಯಲ್ಲಿ ತೇವ ಬೇಕು. ನಮ್ಮ ಬೇಸಿಗೆಯಲ್ಲಿ ತುದಿಯಿಂದ ಒಣಗುತ್ತಾ ಬರುತ್ತದೆ, ಎಲೆಯಡಿ ಸಣ್ಣ ನುಸಿ ಬಲೆ ಕಟ್ಟುತ್ತದೆ. ಮೊದಲ ಗಿಡವಾಗಿ ಅದು ಖಂಡಿತ ಬೇಡ.

ಇನ್ನೊಂದು, ಗೋಡೆಗೆ ಅಂಟಿಸಿದ "ಮನೆಯ ಗಾಳಿ ಶುದ್ಧ ಮಾಡುವ ಗಿಡಗಳು" ಅನ್ನುವ ಚೀಟಿ. ಇದರ ಮೂಲ 1989ರ ನಾಸಾ ಅಧ್ಯಯನ, ಅದು ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದವರು, ಕಿಟಕಿ ಬಾಗಿಲಿಂದ ಬರುವ ಗಾಳಿಯಷ್ಟು ಕೆಲಸ ಗಿಡಗಳಿಂದ ಆಗಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕು, ಕೆಲವು ಲೆಕ್ಕದಲ್ಲಿ 1000 ಅಂತ ಹೇಳಿದ್ದಾರೆ. ಗಿಡವನ್ನು ಗಿಡದ ಚಂದಕ್ಕೇ ತನ್ನಿ, ಅಷ್ಟೇ ಸಾಕಲ್ವಾ?

ತಂದ ಮೇಲೆ ಮೂಡಣ ಕಿಟಕಿಯ ಹತ್ತಿರ ಇಡಿ, ಬೆಳಗಿನ ಎಳೆ ಬಿಸಿಲು ಒಳ್ಳೆಯದು. ಕೂಲರ್ ಗಾಳಿ ನೇರ ಬೀಳುವ ಜಾಗ ಬೇಡ. ಒಳಾಂಗಣ ಗಿಡ ಅಂದರೆ ಕತ್ತಲಲ್ಲಿ ಬೆಳೆಯುವ ಗಿಡ ಅಲ್ಲ, ಪುಸ್ತಕ ಓದುವಷ್ಟು ಬೆಳಕಾದರೂ ಬೇಕು.

ಇಲ್ಲಿ ಚಿಕ್ಕ ಸ್ನೇಕ್ ಪ್ಲಾಂಟ್ 150 ರೂಪಾಯಿ, ಝೀಝೀ 250ರ ಆಸುಪಾಸು. ಆನ್‌ಲೈನಿನಲ್ಲಿ ಡಬ್ಬಿಯೊಳಗೆ ಬಾಡಿ ಬರುವುದಕ್ಕಿಂತ ಇದು ಎಷ್ಟೋ ಮೇಲು. ಏಪ್ರಿಲ್‌ನಲ್ಲಿ ಕೊಳ್ಳಬೇಡಿ, ಒಂದೆರಡು ಮಳೆ ಬಿದ್ದ ಮೇಲೆ ಜೂನ್, ಜುಲೈನಲ್ಲಿ ಹೋಗಿ. ಬೆಳಿಗ್ಗೆ ಹೊತ್ತಿಗೆ ಹೋದರೆ ಕಾಕಾ ಇರುತ್ತಾರೆ.