ಕೀಮೋ ಪೋರ್ಟ್, 2 ವರ್ಷ ಆದ್ಮೇಲೆ: ಒಳಗೆ ಹೋಗತ್ತೆ, ವಾಪಸ್ ಬರಲ್ಲ

ಪೋರ್ಟ್ ಅಂದ್ರೆ ಕ್ಯಾನ್ಸರ್ ಔಷಧಿ (ಕೀಮೋ) ಕೊಡೋಕೆ ಚರ್ಮದ ಕೆಳಗೆ ಇಡೋ ಪುಟ್ಟ ಡಬ್ಬಿ, ಅದರಿಂದ ಒಂದು ಟ್ಯೂಬು ದೊಡ್ಡ ರಕ್ತನಾಳಕ್ಕೆ ಹೋಗತ್ತೆ. ಇನ್ನೂ ಜಾಸ್ತಿ ಬರಿಯಲ್ಲ, ಹಾಕಿಸ್ಕೊಳ್ಳೋರಿಗೆ ಡಾಕ್ಟ್ರು ಚಿತ್ರ ಬರ್ದು ತೋರ್ಸಿರ್ತಾರೆ. ನಂದು ಬಲಗಡೆ, ಕಾಲರ್ ಬೋನ್ ಕೆಳಗೆ, ಚರ್ಮದೊಳಗೆ ಹಲಸಿನ ಬೀಜ ಇಟ್ಟಂಗೆ ಉಬ್ಬಿದೆ. ಕೀಮೋ ಮುಗಿಯೋವರೆಗೂ ನರ ಹುಡುಕ್ತಾ ಕೈ ಚುಚ್ಚೋದು ತಪ್ತು, ಅದಕ್ಕೆ ಫುಲ್ ಮಾರ್ಕ್ಸ್.

ತಲೆನೋವು ಫ್ಲಶ್ದು, ಅಂದ್ರೆ ಟ್ಯೂಬು ಕಟ್ಕೊಳ್ದಂಗೆ ತೊಳೆಯೋದು. ಕೀಮೋ ಮುಗಿದ್ರೂ ನಂಗೆ 4 ವಾರಕ್ಕೊಂದ್ಸಲ ಸಲೈನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂಗೆ ಮಾಡೋ ಔಷಧಿ) ಹಾಕಿಸ್ಬೇಕು ಅಂದಿದಾರೆ. ಬೆಳಿಗ್ಗೆನೇ ಹಾಸನದಿಂದ ಬೆಂಗಳೂರಿನ ಆಸ್ಪತ್ರೆಗೆ ಕೆಂಪು ಬಸ್ಸು (ಆಧಾರ್ ತೋರ್ಸಿದ್ರೆ ಫ್ರೀ, ಅದೊಂದು ಪುಣ್ಯ), ಕಿಟಕಿ ಸೀಟು ಹಿಡಿದು, ನೆಲಮಂಗಲ ಬರ್ತಿದ್ದಂಗೆ ಸೆರಗಿನ ಮರೇಲಿ ಜೋಮು ಹಿಡ್ಸೋ ಕ್ರೀಮು ದಪ್ಪಗೆ ಮೆತ್ತಿ, ಮನೇಲೇ ಕತ್ರಿಸಿಟ್ಕೊಂಡ ಪ್ಲಾಸ್ಟಿಕ್ ಹಾಳೆ ಅಂಟಿಸ್ತೀನಿ. ಅದಕ್ಕೆ ಒಂದು ಗಂಟೆ ಬೇಕು, ಬೆಂಗಳೂರಿನ ಟ್ರಾಫಿಕ್ಕು ಕೊಡತ್ತೆ.

ಒಂದ್ಸಲ ಸೋಮಾರಿತನಕ್ಕೆ ಇಲ್ಲೇ ಒಂದು ನರ್ಸಿಂಗ್ ಹೋಮಿಗೆ ಹೋದೆ. ಸಿಸ್ಟರ್ ಮಾಮೂಲಿ ಸೂಜಿ ಹಿಡ್ಕೊಂಡು ಬಂದ್ರು! ಇದಕ್ಕೆ ಹ್ಯೂಬರ್ ಸೂಜಿನೇ (ಪೋರ್ಟಿಗೇ ಅಂತ ಮಾಡಿರೋ, ಕೊರೆಯದ ಸೂಜಿ) ಆಗ್ಬೇಕು ಕಣ್ರೀ, ಮಾಮೂಲಿದು ಒಳಗಿನ ಸಿಲಿಕೋನ್ ಮುಚ್ಚಳನ ಕೊರ್ದು ಹಾಕತ್ತೆ, ಆಮೇಲೆ ಸೋರತ್ತೆ. ಬೇಡ ಅಂತ ಎದ್ದು ಬಂದೆ. ಆಮೇಲೆ ಮನೇಲಿ ಮದುವೆ, ಅದೂ ಇದೂ ಅಂತ ಎರಡೂವರೆ ತಿಂಗಳು ಹೋಯ್ತು, ತಪ್ಪು ನಂದೇ.

ಬೆಂಗಳೂರಲ್ಲಿ ಸಲೈನ್ ಸಲೀಸಾಗಿ ಹೋಯ್ತು, ರಕ್ತ ಎಳೆದ್ರೆ ಬರ್ತಿಲ್ಲ. ಕೆಮ್ಮಿ ಅಂದ್ರು, ಕೆಮ್ಮಿದೆ. ಕೈ ಮೇಲೆತ್ತಿ, ಕತ್ತು ಆಕಡೆ ತಿರುಗ್ಸಿ, ಮಲ್ಕೊಳಿ, ಏಳಿ... ಡ್ರಿಲ್ ಮೇಷ್ಟ್ರ ಮುಂದೆ ನಿಂತಂಗಾಯ್ತು. ಎಕ್ಸ್‌ರೇಲಿ ಟ್ಯೂಬು ಜಾಗದಲ್ಲೇ ಇತ್ತು. ತುದಿಗೆ ಹಾಲಿನ ಕೆನೆ ಥರ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸೋ ನಾರಿನಂಥ ಪ್ರೋಟೀನು) ಪೊರೆ ಕಟ್ಟಿರ್ಬೇಕು, ತಳ್ಳಿದ್ರೆ ಸರ್ಕೊಳತ್ತೆ, ಎಳೆದ್ರೆ ಬಾಯಿಗೆ ಅಡ್ಡ ಬರತ್ತೆ ಅಂದ್ರು ಡಾಕ್ಟ್ರು. ರಕ್ತ ವಾಪಸ್ ಬರದೇ ಕೀಮೋ ಔಷಧಿ ಮಾತ್ರ ಬಿಡ್ಬಾರ್ದಂತೆ, ಹೊರಗೆ ಸೋರಿದ್ರೆ ಕೆಲವು ಔಷಧಿ ಮಾಂಸನೇ ಸುಟ್ಟಾಕತ್ತಂತೆ. ಗಡ್ಡೆ ಕರಗ್ಸೋ ಔಷಧಿ ಪೋರ್ಟೊಳಗೆ ಬಿಟ್ಟು ಕೂರ್ಸಿದ್ರು, ನಾನು ಡಬ್ಬಿ ಬಿಚ್ಚಿ ಅಕ್ಕಿರೊಟ್ಟಿ ತಿಂದೆ. ಆಮೇಲೆ ಸಿರಿಂಜಲ್ಲಿ ಕೆಂಪು ಎಳೆ ಬಂತು ನೋಡಿ, ಸಿಸ್ಟರೂ ನಾನೂ ಇಬ್ರೂ "ಬಂತು!" ಅಂದ್ವಿ. ಅವತ್ತಿಂದ ಇದರ ಮೇಲೆ ಕೋಪ ಇಲ್ಲ.

ಅಂದಂಗೆ ಫ್ಲಶ್ ಆದ್ಮೇಲೆ ಚಳಿಜ್ವರ ಬಂದ್ರೆ, ಆ ಕಡೆ ಕೈಯೋ ಕತ್ತೋ ಊದಿದ್ರೆ ನಾಳೆ ನೋಡೋಣ ಅನ್ಬೇಡಿ, ಅವತ್ತೇ ಹೋಗಿ. ಪಕ್ಕದ ಬೆಡ್ ಅಕ್ಕನಿಗೆ ಕೈ ಊದಿ, ಡಾಪ್ಲರ್ (ರಕ್ತ ಹರಿಯೋದು ನೋಡೋ ಸ್ಕ್ಯಾನ್) ಮಾಡಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿತ್ತು.

ಹೋದ ತಿಂಗಳು ಡಾಕ್ಟ್ರು "ತೆಗೆದುಬಿಡೋಣ್ವಾ?" ಅಂದ್ರು. ಮುಂದಿನ ಸ್ಕ್ಯಾನ್ ಆಗ್ಲಿ ಸಾರ್ ಅಂದೆ.