ಉಬ್ಬು ಹಾಳೆ, ರಬ್ಬರ್ ಹಲಗೆ, ಧ್ವನಿ ಗ್ರಾಫ್: ಚಿಕ್ಕಮಗಳೂರಿನ ಮಳೆಗಾಲದಲ್ಲೂ ಬಳಸಿ ನೋಡಿದ್ದು

ಅಂಧ ವಿದ್ಯಾರ್ಥಿಗಳಿಗೆ ಪ್ರೌಢಶಾಲೆಯ ರೇಖಾಗಣಿತ ಹೇಳಿಕೊಡಲು ನಾವಿಲ್ಲಿ ಬಳಸುತ್ತಿರುವುದು ಮೂರು ಸಾಧನ: ಬಿಸಿಗೆ ಉಬ್ಬುವ ಹಾಳೆ ಮತ್ತು ಅದರ ಹೀಟರ್, ರಬ್ಬರ್ ಹಲಗೆಯ ಡ್ರಾಯಿಂಗ್ ಕಿಟ್, ಡೆಸ್ಮೋಸ್ ಎಂಬ ಆನ್‌ಲೈನ್ ಗ್ರಾಫ್ ಕ್ಯಾಲ್ಕುಲೇಟರಿನಲ್ಲಿ ಗೆರೆಯನ್ನು ಸದ್ದಾಗಿ ಕೇಳಿಸುವ ಧ್ವನಿ ಗ್ರಾಫ್. ಒಂದಕ್ಕೆ ಮಾತ್ರ ದುಡ್ಡಿದ್ದರೆ ರಬ್ಬರ್ ಹಲಗೆಯನ್ನೇ ತನ್ನಿ. ಉಬ್ಬು ಹಾಳೆಯಲ್ಲಿ ಮಗು ಬೇರೆಯವರು ಬರೆದ ಚಿತ್ರವನ್ನು ಓದುತ್ತದೆ, ಹಲಗೆಯ ಮೇಲೆ ತಾನೇ ರಚಿಸುತ್ತದೆ. ರಚನೆ ಕೈಗೆ ಬಾರದೆ ಪ್ರಮೇಯ ತಲೆಗೆ ಹತ್ತುವುದಿಲ್ಲ.

ಹಲಗೆಗೆ ತೆಳು ಪ್ಲಾಸ್ಟಿಕ್ ಹಾಳೆ ಸಿಕ್ಕಿಸಿ, ಇಂಕು ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಎಳೆದರೆ ಗೆರೆ ಅದೇ ಮಗ್ಗುಲಲ್ಲಿ ಏಳುತ್ತದೆ. ಹಲ್ಲಿನ ಚಕ್ರದಿಂದ ದಪ್ಪ ಕಾಗದದ ಮೇಲೆ ಎಳೆದರೆ ಹಾಗಲ್ಲ. ಗೆರೆ ಹಿಂಬದಿಗೆ ಏಳುತ್ತದೆ, ಹಾಳೆ ಮಗುಚಿದಾಗ ಎಡದ ಕೋನ ಬಲಕ್ಕೆ ಹೋಗಿರುತ್ತದೆ. ವೃತ್ತಕ್ಕೆ ಸಾಮಾನ್ಯ ಕೈವಾರ ಬೇಡ, ಮುಳ್ಳು ಜಾರಿ ಹಾಳೆ ಹರಿಯುತ್ತದೆ. ರಟ್ಟಿನ ಪಟ್ಟಿಗೆ ಸೆಂಟಿಮೀಟರಿಗೊಂದು ತೂತು ಹಾಕಿ, ಮೊದಲ ತೂತನ್ನು ಗುಂಡುಪಿನ್ನಿನಿಂದ ಹಲಗೆಗೆ ಚುಚ್ಚಿ, ಆರನೇ ತೂತಿನಲ್ಲಿ ಪೆನ್ನಿಟ್ಟು ಸುತ್ತಿಸಿ, 5 ಸೆಂ.ಮೀ. ತ್ರಿಜ್ಯದ ವೃತ್ತ ಸಿದ್ಧ. ಪಿನ್ ಅಲ್ಲೇ ಇದ್ದರೆ ಬೆರಳಿಗೆ ಕೇಂದ್ರ ತಪ್ಪುವುದಿಲ್ಲ. ಎಳೆದ ಗೆರೆಯನ್ನು ಅಳಿಸಲಾಗದು. ಹಾಗಾಗಿ ಸಹಾಯಕ ಗೆರೆಗಳನ್ನು ಚುಕ್ಕೆ ಚುಕ್ಕೆಯಾಗಿ ಎಳೆಯುವ ರೂಢಿ ಮೊದಲ ದಿನವೇ ಮಾಡಿಸಿ.

ಉಬ್ಬು ಹಾಳೆಯ ಮೇಲ್ಪದರದಲ್ಲಿ ಸೂಕ್ಷ್ಮ ಕೋಶಗಳಿರುತ್ತವೆ. ಕಪ್ಪು ಗೆರೆ ಹೀಟರಿನ ಶಾಖವನ್ನು ಹೆಚ್ಚು ಹೀರುವುದರಿಂದ ಅಲ್ಲಿ ಮಾತ್ರ ಹಿಗ್ಗುತ್ತವೆ. ಶಾಯಿಯಲ್ಲಿ ಇಂಗಾಲ ಇರಲೇಬೇಕು. ಬಣ್ಣಗಳನ್ನು ಬೆರೆಸಿ ತೆಗೆದ ಕಪ್ಪು ಸರಿಯಾಗಿ ಏಳುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇದೇ ಹಾಳೆ ಹೆಚ್ಚು ಕಾಟ ಕೊಡುವುದು. ತೇವ ಹಿಡಿದ ಹಾಳೆ ಸುರುಳಿಯಾಗುತ್ತದೆ, ಗೆರೆ ಒಂದು ಕಡೆ ಎದ್ದು ಇನ್ನೊಂದು ಕಡೆ ಚಪ್ಪಟೆಯಾಗಿ ಉಳಿಯುತ್ತದೆ. ಶಾಖ ಏರಿಸಿದರೆ ಖಾಲಿ ಜಾಗವೂ ಉಬ್ಬುತ್ತದೆ. ಕಟ್ಟು ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟು, ಬೇಕಾದಷ್ಟೇ ಹೊರತೆಗೆಯಿರಿ.

ಪಠ್ಯಪುಸ್ತಕದ ಚಿತ್ರವನ್ನು ಹಾಗೇ ಜೆರಾಕ್ಸ್ ಮಾಡಿದರೆ ಬೆರಳಿಗೆ ಅದು ಬರೀ ಗೋಜಲು. ಗೆರೆ ಗೆರೆಗೆ ಕನಿಷ್ಠ 5 ಮಿ.ಮೀ. ಅಂತರ ಬಿಡಿ, ಬ್ರೈಲ್ ಅಕ್ಷರವನ್ನು ಗೆರೆಗೆ ತಾಗಿಸಬೇಡಿ, ಲಂಬಕೋನದ ಪುಟ್ಟ ಚೌಕವನ್ನು 8 ಮಿ.ಮೀ.ಗಿಂತ ಚಿಕ್ಕದು ಮಾಡಬೇಡಿ. ಚಿಕ್ಕದಾದರೆ ಮೂಲೆಯಲ್ಲೊಂದು ಗಂಟು ಸಿಕ್ಕಿದಂತಾಗುತ್ತದೆ. ನಮಗೆ ಬಹಳ ಇಷ್ಟವಾದ ಪಾಠ ಬೇಲೂರು, ಹಳೇಬೀಡಿನ ನಕ್ಷತ್ರಾಕಾರದ ಜಗತಿಯ (ದೇಗುಲ ನಿಂತ ಕಟ್ಟೆಯ) ನೆಪದಲ್ಲಿ ಮಾಡುವಂಥದ್ದು: ಎರಡು ರಟ್ಟಿನ ಚೌಕಗಳನ್ನು ಒಂದೇ ಕೇಂದ್ರಕ್ಕೆ ಚುಚ್ಚಿ, ಮೇಲಿನದನ್ನು 45 ಡಿಗ್ರಿ ತಿರುಗಿಸಿದರೆ ಎಂಟು ಮೂಲೆ ಬೆರಳಿಗೆ ಸಿಗುತ್ತವೆ. ಆವರ್ತನ ಸಮಮಿತಿಗೆ, ಅಂದರೆ ತಿರುಗಿಸಿದರೂ ಆಕಾರ ಹಾಗೇ ಉಳಿಯುವುದನ್ನು ತೋರಿಸಲು, ಇಷ್ಟು ಸಾಕು.

ಧ್ವನಿ ಗ್ರಾಫ್ ನಿರ್ದೇಶಾಂಕ ರೇಖಾಗಣಿತಕ್ಕೆ ಮಾತ್ರ. ಸಮೀಕರಣ ಬರೆದು ಆಲ್ಟ್ ಜೊತೆ ಟಿ ಒತ್ತಿ, ಆಮೇಲೆ ಎಚ್ ಒತ್ತಿ. ಸದ್ದು ಎಡಕಿವಿಯಿಂದ ಬಲಕಿವಿಗೆ ಸಾಗುತ್ತದೆ, ವೈ ಬೆಲೆ ಏರಿದಂತೆ ಸ್ವರ ಏರುತ್ತದೆ. ಆದ್ದರಿಂದ ಎರಡೂ ಕಿವಿಗೆ ಇಯರ್‌ಫೋನ್ ಬೇಕು. ಓರೆ ಹೆಚ್ಚಿದ್ದರೆ ಸ್ವರ ಬೇಗ ಏರುವುದು, ಪರವಲಯದಲ್ಲಿ ಇಳಿದು ಏರುವುದು ಥಟ್ಟನೆ ತಿಳಿಯುತ್ತದೆ. ವೃತ್ತದಲ್ಲಿ ಒಂದು ಎಕ್ಸ್‌ಗೆ ಎರಡು ವೈ ಇರುವುದರಿಂದ ಮೇಲರ್ಧ, ಕೆಳಗಿನರ್ಧವನ್ನು ಬೇರೆ ಬೇರೆ ಬರೆಯಬೇಕು; ಅದಕ್ಕಿಂತ ಪಿನ್ನು, ರಟ್ಟಿನ ಪಟ್ಟಿಯೇ ವಾಸಿ. ಮೊದಲು ಬೆರಳಲ್ಲಿ ಮುಟ್ಟಿದ ವಕ್ರರೇಖೆಯನ್ನೇ ಆಮೇಲೆ ಕೇಳಿಸಿ.

ಇನ್ನೊಂದು ವಿಷಯ: ಕಂಪ್ಯೂಟರ್ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಕಡತವನ್ನು ಯುನಿಕೋಡ್‌ಗೆ ಬದಲಿಸಿಯೇ ಮಗುವಿನ ಕೈಗೆ ಕೊಡಿ.