ಹುಳಹುಪ್ಪಟೆ ಚಿತ್ರಿಸುವವರಿಗೆ ಮೊಬೈಲಿನ ಕ್ಲಿಪ್ ಮ್ಯಾಕ್ರೋ ಲೆನ್ಸ್: 10 ಪಟ್ಟಿನದೇ ಸಾಕು

ಮಳೆಗಾಲದ ಶಿರಸಿಯಲ್ಲಿ ಹುಳಹುಪ್ಪಟೆ ಚಿತ್ರಿಸುವವರು ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತೋಟದಲ್ಲಿ ಎಲೆ ಹೆಣೆದ ಚಗಳಿ (ಕೆಂಪಿರುವೆ) ಗೂಡು, ಬಚ್ಚಲ ಮೂಲೆಯಲ್ಲಿ ಜರಿ, ಬೆಟ್ಟದ ದಾರಿಯಲ್ಲಿ ಉಂಬಳ, ರಾತ್ರಿ ದೀಪಕ್ಕೆ ಪತಂಗ. ಆದರೆ ಕಾಲು ಎಲ್ಲಿ ಹುಟ್ಟುತ್ತದೆ, ಮೀಸೆ ಎಲ್ಲಿ ಬಾಗುತ್ತದೆ ಎಂಬುದು ಬರಿಗಣ್ಣಿಗೆ ಕಾಣದು. ಅದಕ್ಕೆ ಸಣ್ಣ ವಸ್ತುವನ್ನು ಹತ್ತಿರದಿಂದ ಹಿಗ್ಗಿಸಿ ತೋರಿಸುವ, ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಒಳ್ಳೆಯ ಸಾಧನ. ಸಾವಿರ ರೂಪಾಯಿಯೊಳಗೇ ಸಿಗುತ್ತದೆ. ಕೊಳ್ಳುವಾಗ 10 ಪಟ್ಟಿನದನ್ನೇ (10x) ಆರಿಸಿ.

10 ಪಟ್ಟಿನ ಮಸೂರದ ನಾಭಿದೂರ ಸುಮಾರು 25 ಮಿ.ಮೀ. ಅಂದರೆ ಹುಳುವಿಗೂ ಲೆನ್ಸಿಗೂ ನಡುವೆ ಒಂದಿಂಚು ಜಾಗ ಇರುತ್ತದೆ. 20 ಪಟ್ಟಿನದಾದರೆ ಅದು 12–13 ಮಿ.ಮೀ.ಗೆ ಇಳಿಯುತ್ತದೆ. ಮೊಬೈಲಿನ ನೆರಳೇ ಹುಳುವಿನ ಮೇಲೆ ಬೀಳುತ್ತದೆ, ಅಷ್ಟು ಹತ್ತಿರ ಹೋಗುವಷ್ಟರಲ್ಲಿ ಅದು ಓಡಿಯೂ ಹೋಗಿರುತ್ತದೆ. ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು. 10 ಪಟ್ಟಿನಲ್ಲೂ ಈ ಕೊನೆಯ ತೊಂದರೆ ತಪ್ಪದು, ಆದರೆ ನಿಭಾಯಿಸಬಹುದು: ಮೊಬೈಲನ್ನು ತುಸುತುಸುವೇ ಮುಂದೆ ಸರಿಸುತ್ತ ಐದಾರು ಫೋಟೊ ತೆಗೆದು, ಬರೆಯುವಾಗ ಒಂದರಿಂದ ಕಣ್ಣು, ಇನ್ನೊಂದರಿಂದ ಕಾಲು ಎತ್ತಿಕೊಳ್ಳಿ. 1665ರಲ್ಲಿ, ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟದ ದೊಡ್ಡ ಚಿತ್ರ ಪ್ರಕಟಿಸಿದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಕೂಡ ಒಂದೇ ನೋಟವನ್ನು ನಂಬಿದವರಲ್ಲ. ಬೆಳಕು, ಕೋನ ಬದಲಿಸಿ ಮತ್ತೆ ಮತ್ತೆ ನೋಡಿ, ಆಕಾರ ಖಚಿತವಾದ ಮೇಲೇ ಗೆರೆ ಎಳೆಯುತ್ತಿದ್ದರು.

ಸಿಕ್ಕಿಸುವ ಮೊದಲು ಮೊಬೈಲಿನ ಕವರ್ ತೆಗೆಯಿರಿ, ಇಲ್ಲದಿದ್ದರೆ ಮೂಲೆಗಳಲ್ಲಿ ಕಪ್ಪು ಕಟ್ಟುತ್ತದೆ. ಎರಡು-ಮೂರು ಕ್ಯಾಮೆರಾ ಇರುವ ಮೊಬೈಲು ಹತ್ತಿರದ ವಸ್ತು ಕಂಡೊಡನೆ ತಾನಾಗಿ ಬೇರೆ ಕ್ಯಾಮೆರಾಕ್ಕೆ ಜಿಗಿಯುವುದುಂಟು. ಚಿತ್ರ ಇದ್ದಕ್ಕಿದ್ದಂತೆ ಮಂಜಾದರೆ ಲೆನ್ಸಿನ ದೋಷ ಎಂದುಕೊಳ್ಳಬೇಡಿ, ಸೆಟ್ಟಿಂಗಿನಲ್ಲಿ ಆ ಆಯ್ಕೆಯನ್ನು ನಿಲ್ಲಿಸಿ. ಲೆನ್ಸ್ ಕೈಗೆ ಬಂದ ದಿನವೇ ಸ್ಟೀಲ್ ಸ್ಕೇಲಿನ ಫೋಟೊ ತೆಗೆಯಿರಿ. ಅಂಚಿನ ಗೆರೆಗಳು ಬಾಗಿ, ನೀಲಿ-ನೇರಳೆ ಅಂಚು ಕಟ್ಟಿರುತ್ತವೆ. ಅಗ್ಗದ ಲೆನ್ಸುಗಳಲ್ಲಿ ಇದು ಇದ್ದದ್ದೇ. ನಡುವಿನ ಅರ್ಧ ಭಾಗದಿಂದ ಮಾತ್ರ ಅಳತೆ ತೆಗೆದುಕೊಳ್ಳಿ. 8 ಮಿ.ಮೀ. ಚಗಳಿಯನ್ನು ಹಾಳೆಯ ಮೇಲೆ 80 ಮಿ.ಮೀ.ಗೆ ಹಿಗ್ಗಿಸುವಾಗ ಇಲ್ಲಿಯ ಸಣ್ಣ ತಪ್ಪೂ ಹತ್ತು ಪಟ್ಟು ಬೆಳೆಯುತ್ತದೆ.

ಫ್ಲ್ಯಾಶ್ ಬೇಡವೇ ಬೇಡ. ಕ್ಲಿಪ್ಪು ಅಡ್ಡ ಬಂದು ಅರ್ಧ ಹುಳು ಕತ್ತಲಲ್ಲಿ ಉಳಿಯುತ್ತದೆ, ಉಂಬಳದಂಥ ಒದ್ದೆ ಮೈ ಬರೀ ಬಿಳಿ ಚುಕ್ಕೆಯಾಗುತ್ತದೆ. ಟಾರ್ಚಿನ ಮುಂದೆ ಟ್ರೇಸಿಂಗ್ ಪೇಪರ್ ಹಿಡಿದು ಪಕ್ಕದಿಂದ ಬೆಳಕು ಕೊಡಿ. ಮರದಲ್ಲಿ ಕೆತ್ತುವವರಾದರೆ ಪೇಪರ್ ತೆಗೆದು ಟಾರ್ಚನ್ನು ಇನ್ನೂ ಕೆಳಕ್ಕೆ ಇಳಿಸಿ, ಉಬ್ಬು-ತಗ್ಗು ಎದ್ದು ಕಾಣುತ್ತದೆ. ಹಸಿರು ಹೊಳೆಯುವ ಜೀರುಂಡೆಗಂತೂ ಈ ಎಚ್ಚರ ಬೇಕೇ ಬೇಕು. ಆ ಹೊಳಪು ಹುಟ್ಟುವುದು ಚಿಪ್ಪಿನ ಅತಿ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸುವುದರಿಂದ. ಓರೆಯಾಗಿ ನೋಡಿದಷ್ಟೂ ಹಸಿರು ನೀಲಿಯತ್ತ ಸರಿಯುತ್ತದೆ. ಜಲವರ್ಣದಲ್ಲಿ ಬೆನ್ನ ನಡುವೆ ಕಾಗದದ ಬಿಳಿ ಉಳಿಸಿ, ಇಳಿಯುವ ಅಂಚಿಗೆ ನೀಲಿ ಬೆರೆಸಿದರೆ ಅದರ ಹತ್ತಿರ ಬರುತ್ತದೆ. ಜಮ್ಮುವಿನ ಬೆಟ್ಟಸೀಮೆಯ ಬಸೋಹ್ಲಿ ಶೈಲಿಯ ಚಿತ್ರಕಾರರು ಒಡವೆಯ ಪಚ್ಚೆ ತೋರಿಸಲು ಜೀರುಂಡೆಯ ರೆಕ್ಕೆಚಿಪ್ಪಿನ ಚೂರನ್ನೇ ಅಂಟಿಸುತ್ತಿದ್ದರು.

ಲೆನ್ಸಿನ ನಿಜವಾದ ಬೆಲೆ ತಿಳಿಯುವುದು ಕೀಲುಗಳಲ್ಲಿ. ಇರುವೆಯ ಮೀಸೆ ಮೊಣಕೈಯಂತೆ ಮಡಿಚಿರುತ್ತದೆ, ಸೊಂಟದಲ್ಲಿ ಸಣ್ಣ ಗಂಟಿರುತ್ತದೆ, ಆರೂ ಕಾಲು ಎದೆಯಿಂದಲೇ ಹೊರಡುತ್ತವೆ. ಜೇಡದ ಎಂಟು ಕಾಲುಗಳನ್ನು ಹೊಟ್ಟೆಗೆ ಅಂಟಿಸಿದ ಚಿತ್ರಗಳು ಎಷ್ಟೋ ಇವೆ, ಆದರೆ ಆ ಕಾಲುಗಳೆಲ್ಲ ಹೊರಡುವುದು ಮೈಯ ಮುಂಭಾಗದಿಂದ. ಜರಿಗೆ ಒಂದು ಖಂಡಕ್ಕೆ ಒಂದೇ ಜೊತೆ ಕಾಲು, ಸಹಸ್ರಪದಿಗೆ ಬಹುತೇಕ ಖಂಡಗಳಲ್ಲಿ ಎರಡು ಜೊತೆ. ನೋಡುವವರ ಮೈ ಜುಮ್ಮೆನ್ನುವುದು ಈ ಲೆಕ್ಕ ಸರಿಯಿದ್ದಾಗಲೇ. ಕಾಲುಗಳನ್ನು ಅಂದಾಜಿಗೆ ಗೀಚಿದರೆ ಜರಿ ಬಾಚಣಿಗೆಯಾಗುತ್ತದೆ. ಜರಿ ಕಚ್ಚುತ್ತದೆ, ಪಾರದರ್ಶಕ ಡಬ್ಬಿಯೊಳಗಿಟ್ಟೇ ಫೋಟೊ ತೆಗೆದು ಬಿಟ್ಟುಬಿಡಿ. ಚಿಟ್ಟೆಗಳನ್ನು ಹಿಡಿದು ಒಣಗಿಸಬೇಡಿ, ಹಲವು ಜಾತಿಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಕಾರವಾರದ ಕಡಲತೀರಕ್ಕೆ ಈ ಲೆನ್ಸ್ ಅಷ್ಟಾಗಿ ಒಗ್ಗದು. ಇಳಿತದ ಹೊತ್ತಿಗೆ ಮರಳುಗುಂಡು ಕಟ್ಟುವ ಪುಟ್ಟ ಏಡಿಗಳು ಒಂದಿಂಚಿನವರೆಗೆ ಬಿಟ್ಟುಕೊಳ್ಳುವುದಿಲ್ಲ. ಬಿಲದ ಸುತ್ತ ಅವು ಹರಡಿದ ಗುಂಡುಗಳ ವಿನ್ಯಾಸಕ್ಕೆ ಮೊಬೈಲಿನ ಕ್ಯಾಮೆರಾವೇ ಸಾಕು. ಗಾಜಿನ ಮೇಲೆ ಮರಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಗೀರು ಬೀಳುತ್ತದೆ. ರಬ್ಬರ್ ಬ್ಲೋವರಿನಿಂದ ಊದಿ. ಘಟ್ಟದ ಮೇಲೆ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸನ್ನು ಅದರ ಬಟ್ಟೆ ಚೀಲದಲ್ಲಿಡದೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಜೆಲ್ ಆದರೆ ತೇವ ಕುಡಿದದ್ದು ನೋಡಿದೊಡನೆ ತಿಳಿಯುತ್ತದೆ, ಒಣಗಿಸಿ ಮತ್ತೆ ಬಳಸಬಹುದು.